ಕೆರೆ ದಂಡಿಯ ವಸ್ತಿ

ಹೋಗಬೇಕೆಂದು ಆರು ತಿಂಗಳು ಕೂಗಾಡಿದ್ದು ಗೋಕರ್ಣಕ್ಕೆ. ಹೋಗಿ ಮಲಗಿದ್ದು ಮಾಗಡಿಯಲ್ಲಿ.

ಕೆಂಪೇಗೌಡರ ಮಾಗಡಿಯಲ್ಲ. ಬೆಂಗಳೂರಿನವರ ಮುಂದೆ ಹೆಸರು ಹೇಳಿದಾಗೆಲ್ಲ ಈ ಒಂದು ಮಾತು ಸೇರಿಸಬೇಕಾಗುತ್ತದೆ. ನಮ್ಮ ಮಾಗಡಿ ಇರುವುದು ಗದಗಿನಿಂದ ಲಕ್ಷ್ಮೇಶ್ವರದ ದಾರಿಯಲ್ಲಿ, 26 ಕಿ.ಮೀ. ದೂರದಲ್ಲಿ. ಶಿರಹಟ್ಟಿ ತಾಲ್ಲೂಕಿನ ಊರು. ಸುತ್ತ ಎರೆಹೊಲ, ಅಲ್ಲಲ್ಲಿ ಮಸಾರಿ, ನಡುವೆ ಒಂದು ಕೆರೆ. ಮಳೆಗಾಲ ಮುಗಿದ ಮೇಲೆ ಗದಗ ಸೀಮೆಯಲ್ಲಿ ಕಣ್ಣಿಗೆ ನೀರು ಕಾಣಿಸುವ ಕೆಲವೇ ಜಾಗಗಳಲ್ಲಿ ಇದೂ ಒಂದು.

ನಾವು ಐದು ಮಂದಿ, ಹೈಸ್ಕೂಲಿನಲ್ಲಿ ಒಂದೇ ಬೆಂಚಿನವರು. ಒಬ್ಬ ಬೆಟಗೇರಿಯಲ್ಲಿ ಮಗ್ಗದ ಮನೆಯವನು. ಒಬ್ಬ ಗದಗಿನಲ್ಲಿ ಪ್ರಿಂಟಿಂಗ್ ಪ್ರೆಸ್ ಇಟ್ಟುಕೊಂಡು ಮದುವೆ ಕಾರ್ಡು, ಜಾತ್ರೆ ಹ್ಯಾಂಡ್‌ಬಿಲ್ಲು ಅಚ್ಚು ಹಾಕುತ್ತಾನೆ. ಮುಂಡರಗಿ ಕಡೆಯವನು ಕನ್ನಡ ಮಾಸ್ತರ. ನಾಲ್ಕನೆಯವನು ಬೆಂಗಳೂರಿನ ಕಂಪನಿಯಲ್ಲಿದ್ದಾನೆ, ವರ್ಷಕ್ಕೆ ಎರಡು ಸಲ ಬಂದು ನಮಗೆಲ್ಲ ‘ಬದುಕು ಎಂಜಾಯ್ ಮಾಡ್ರಲೇ’ ಎಂದು ಬುದ್ಧಿ ಹೇಳುತ್ತಾನೆ. ಸಮುದ್ರದ ದಂಡೆಯಲ್ಲಿ ಟೆಂಟು ಹಾಕಿ ಒಂದು ರಾತ್ರಿ ಕಳೆಯುವ ವಿಚಾರ ಅವನದೇ. ಟೆಂಟೂ ಅವನದೇ, ಆನ್‌ಲೈನಿನಲ್ಲಿ ತರಿಸಿದ್ದು.

ಬಯಲುಸೀಮೆಯವರಿಗೆ ಸಮುದ್ರದ ಹುಚ್ಚು ಇರುವುದು ಸಹಜ. ಗದಗಿನಿಂದ ಕಾಗೆ ಹಾರಿದ ಹಾಗೆ ಹಾರಿದರೆ ಗೋಕರ್ಣ ಸುಮಾರು 170 ಕಿ.ಮೀ. ಅಷ್ಟೇ ದೂರದಲ್ಲಿ ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಸುರಿಯುತ್ತದೆ. ನಮ್ಮ ಜಿಲ್ಲೆಯ ಪಾಲಿಗೆ ಬರುವುದು 600ರ ಆಸುಪಾಸು. ಸಮುದ್ರದಿಂದ ಎದ್ದ ಮೋಡ ತನ್ನ ಭಾರವನ್ನೆಲ್ಲ ಘಟ್ಟಕ್ಕೆ ಇಳಿಸಿ ಬರುತ್ತದೆ. ಗಾಳಿ ಮಾತ್ರ ಹಗುರಾಗಿ, ಜೋರಾಗಿ ನಮ್ಮವರೆಗೆ ಬರುತ್ತದೆ. ಅದಕ್ಕೇ ಇಲ್ಲಿ ಗುಡ್ಡದ ನೆತ್ತಿಯ ಮೇಲೆಲ್ಲ ಗಾಳಿಯಂತ್ರಗಳು. ನಮಗೆ ಸಮುದ್ರದಿಂದ ಬಂದ ಆಸ್ತಿ ಅದೊಂದೇ.

ಗೋಕರ್ಣ ತಪ್ಪಿದ್ದಕ್ಕೆ ಕಾರಣ ದೊಡ್ಡದೇನಲ್ಲ. ಎಲ್ಲರಿಗೂ ಒಟ್ಟಿಗೆ ಸೂಟಿ ಸಿಕ್ಕಿದ್ದು ಎಳ್ಳಮಾಸಿಗೆ. ಆವತ್ತು ಹೊಲ ಬಿಟ್ಟು ಸಮುದ್ರಕ್ಕೆ ಹೋದೆವೆಂದರೆ ಮನೆಯ ಹೆಂಗಸರು ವರ್ಷವಿಡೀ ನೆನಪಿಸುತ್ತಾರೆ. ‘ಹಂಗಾದ್ರ ಇಲ್ಲೇ ಎಲ್ಲೆರ ನೀರಿನ ದಂಡಿಗೆ ಹಾಕೂಣು’ ಎಂದ ಬೆಂಗಳೂರಿನವ. ಟೆಂಟಿನ ರೊಕ್ಕ ಕೊಟ್ಟವನ ಸಂಕಟ ಅವನಿಗೇ ಗೊತ್ತು.

ಮೊದಲು ಮಾತಿಗೆ ಬಂದದ್ದು ಕಪ್ಪತಗುಡ್ಡ. ಗಣಿಗಾರಿಕೆಯ ಬಾಯಿಗೆ ಹೋಗಬೇಕಾಗಿದ್ದ ಈ ಗುಡ್ಡ ಉಳಿದದ್ದರ ಹಿಂದೆ ದೊಡ್ಡ ಹೋರಾಟವಿದೆ. ತೋಂಟದ ಸಿದ್ಧಲಿಂಗ ಸ್ವಾಮಿಗಳು ಬೀದಿಗಿಳಿದ ದಿನಗಳನ್ನು ಗದಗಿನವರು ಮರೆತಿಲ್ಲ. 2019ರಲ್ಲಿ ಅದು ವನ್ಯಜೀವಿಧಾಮವಾಯಿತು, 244 ಚದರ ಕಿ.ಮೀ. ಅಂದಮೇಲೆ ಮನಸ್ಸಿಗೆ ಬಂದಲ್ಲಿ ಟೆಂಟು ಹೂಡಿ ಒಲೆ ಹಚ್ಚುವ ಮಾತೇ ಇಲ್ಲ. ಹಾಗಾದದ್ದು ಒಳ್ಳೆಯದೇ. ಕಪ್ಪತಗುಡ್ಡದ ಒಣ ಹುಲ್ಲಿಗೆ ಬೆಂಕಿ ಬಿದ್ದರೆ ಏನಾಗುತ್ತದೆಂದು ಬೇಸಿಗೆಯ ರಾತ್ರಿ ಡೋಣಿ, ಡಂಬಳದ ಕಡೆ ಹೋಗಿ ಬಂದವರಿಗೆ ಗೊತ್ತು.

ಎರಡನೆಯ ಹೆಸರು ಹಮ್ಮಿಗಿ. ಮುಂಡರಗಿ ತಾಲ್ಲೂಕಿನಲ್ಲಿ ತುಂಗಭದ್ರೆಗೆ ಅಡ್ಡ ಕಟ್ಟಿದ ಬ್ಯಾರೇಜು, ಸಿಂಗಟಾಲೂರು ಏತ ನೀರಾವರಿ ಯೋಜನೆಯದು. ಅದರ ಹಿನ್ನೀರು ನಿಂತರೆ ಆಚೆ ದಂಡೆ ಮಸಕಾಗಿ ಕಾಣುತ್ತದೆ. ಸಂಜೆ ಗಾಳಿಗೆ ಅಲೆಯೂ ಏಳುತ್ತದೆ. ಸಮುದ್ರಕ್ಕೆ ಬದಲಿ ಎಂದರೆ ಅದೇ ಸರಿ ಎಂದು ನಾಲ್ವರೂ ಒಪ್ಪಿದೆವು. ಮಾಸ್ತರ ಒಪ್ಪಲಿಲ್ಲ.

ಅವನ ಬೀಗರ ಪೈಕಿ ಆ ಕಡೆಯವರಿದ್ದಾರೆ. ಹಿನ್ನೀರಿಗಾಗಿ ಜಾಗ ಬಿಡಬೇಕಾಗಿ ಬಂದದ್ದು ಬಿದರಹಳ್ಳಿ, ಗುಮ್ಮಗೋಳ, ವಿಠಲಾಪುರ ಎಂಬ ಮೂರು ಊರುಗಳು. ‘ಸಣ್ಣಾಂವ ಇದ್ದಾಗ ಅಲ್ಲೆ ಹೊಳಿ ದಂಡಿ ಹೊಲದಾಗ ಮಲಗೀನಿ. ಈಗ ಆ ನೀರಿನ ಮುಂದ ಕುಂತು ಮಿರ್ಚಿ ತಿನ್ನಾಕ ನನ್ನ ಕೈಲೆ ಆಗೂದಿಲ್ಲ’ ಎಂದ. ಒಬ್ಬರೂ ಒತ್ತಾಯ ಮಾಡಲಿಲ್ಲ. ನೀರಿಲ್ಲದ ಸೀಮೆಗೆ ನೀರು ಬಂದರೆ ಎಲ್ಲರಿಗೂ ಒಂದೇ ಥರ ಬರುವುದಿಲ್ಲ. ಒಬ್ಬರ ಹೊಲಕ್ಕೆ ಕಾಲುವೆಯಾಗಿ ಬರುತ್ತದೆ, ಇನ್ನೊಬ್ಬರ ಮನೆಗೆ ನೋಟೀಸಾಗಿ ಬರುತ್ತದೆ.

ಕೊನೆಗೆ ಪ್ರೆಸ್ಸಿನವನ ಕಾಕಾ ನೆನಪಾದರು. ಮಾಗಡಿ ಕೆರೆಯಿಂದ ಕೂಗಳತೆಯಲ್ಲಿ ಅವರ ಆರು ಎಕರೆ ಕಡಲೆ ಹೊಲ.

* * *

ಎಳ್ಳಮಾಸಿಯ ಊಟ ವರ್ಣಿಸಲು ಕೂತರೆ ಈ ಪುರವಣಿಯ ಪುಟ ಸಾಲುವುದಿಲ್ಲ. ಆದರೂ ಒಂದೆರಡು ಮಾತು ಹೇಳದೆ ಮುಂದೆ ಹೋಗುವುದು ಕಷ್ಟ. ಸಜ್ಜೆ ರೊಟ್ಟಿ, ಕಟಕ ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಲೆ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ, ಎಳ್ಳು ಹೋಳಿಗೆ, ಮಾದ್ಲಿ, ಮೊಸರನ್ನದ ಬುತ್ತಿ. ಹೊಲದ ನಡುವೆ ಐದು ಕಲ್ಲಿಟ್ಟು ಪೂಜೆ ಮಾಡಿ, ಎಲ್ಲ ಅಡುಗೆಯನ್ನೂ ಒಂದಿಷ್ಟು ಕಲಸಿ, ಕಾಕಾ ನಾಲ್ಕೂ ದಿಕ್ಕಿಗೆ ಚರಗ ಚೆಲ್ಲಿದರು. ಭೂಮಿತಾಯಿ ಬಸುರಿ, ಆಕೆಗೆ ಸೀಮಂತ ಎಂಬುದು ಇದರ ಅರ್ಥ ಎಂದು ಮಾಸ್ತರ ಬೆಂಗಳೂರಿನವನ ಮಗನಿಗೆ ವಿಡಿಯೋ ಕಾಲಿನಲ್ಲಿ ವಿವರಿಸುತ್ತಿದ್ದ. ಹುಡುಗ ಕೇಳಿದ: ‘ಅಂಕಲ್, ಆ ಫುಡ್ ಯಾರು ತಿಂತಾರೆ?’

‘ಹಕ್ಕಿ ತಿಂತಾವಪಾ’ ಎಂದರು ಕಾಕಿ. ‘ಕೊಡೂತನಾ ಕಾಯೂದಿಲ್ಲ ಅವು. ಬರೇ ಚರಗಾ ಅಲ್ಲ, ಹೊಲಾನ ತಿಂತಾವ.’

ಊಟ ಮುಗಿದು ಮಂದಿಯೆಲ್ಲ ಚಕ್ಕಡಿ, ಟ್ರ್ಯಾಕ್ಟರು ಹತ್ತಿ ಊರಿನತ್ತ ಹೊರಟರೂ ನಾವು ಏಳಲಿಲ್ಲ. ಇಲ್ಲೇ ಮಲಗುತ್ತೇವೆ ಎಂದಾಗ ಕಾಕಾ ನಮ್ಮನ್ನೂ ಟೆಂಟಿನ ಚೀಲವನ್ನೂ ಒಮ್ಮೆ ನೋಡಿದರು.

‘ಯಾಕ, ಮನ್ಯಾಗ ಜಗಳೇನ?’

‘ಇಲ್ಲ ಕಾಕಾ, ಸುಮ್ನ. ಕೆರಿ ದಂಡಿಗೆ ಒಂದ ರಾತ್ರಿ ಇರೂಣಂತ.’

‘ಸುಮ್ನ ವಸ್ತಿ ಮಾಡತೀರಿ?’

ಆ ‘ಸುಮ್ನ’ ಎಂಬ ಮಾತನ್ನು ಅವರು ಉಚ್ಚರಿಸಿದ ರೀತಿ ಇನ್ನೂ ಕಿವಿಯಲ್ಲಿದೆ. ಕ್ಯಾಂಪಿಂಗ್ ಎಂಬುದಕ್ಕೆ ಕನ್ನಡವೇನು ಎಂದು ದಾರಿಯುದ್ದಕ್ಕೂ ನಾವು ವಾದ ಮಾಡಿಕೊಂಡು ಬಂದಿದ್ದೆವು. ಬಿಡಾರ, ಶಿಬಿರ, ಡೇರೆ ವಾಸ ಎಂದು ಮಾಸ್ತರ ಒಂದೊಂದಾಗಿ ಇಟ್ಟಿದ್ದ. ಯಾವುದೂ ನಮ್ಮ ಬಾಯಿಗೆ ಕೂಡಿರಲಿಲ್ಲ. ಕಾಕಾ ಒಂದೇ ಏಟಿಗೆ ಅಂದುಬಿಟ್ಟರು: ವಸ್ತಿ. ನಮ್ಮ ಕಡೆ ಇದು ಹುಡುಗರಿಗೂ ಗೊತ್ತಿರುವ ಮಾತು. ರಾತ್ರಿ ಹಳ್ಳಿಯಲ್ಲಿ ನಿಂತು ಬೆಳಿಗ್ಗೆ ಹೊರಡುವ ಬಸ್ಸು ವಸ್ತಿ ಬಸ್ಸು. ಬೀಗರ ಊರಲ್ಲಿ ಉಳಿದರೆ ವಸ್ತಿ. ಬೇಸಿಗೆಯಲ್ಲಿ ಕುರಿಹಿಂಡು ಹೊಲದಲ್ಲಿ ತಂಗಿದರೆ ವಸ್ತಿ. ಆದರೆ ಈ ಮಾತಿಗೆ ಒಂದು ಗುಣವಿದೆ, ಅದು ನಮಗೆ ಆವತ್ತಿನವರೆಗೆ ಹೊಳೆದಿರಲಿಲ್ಲ: ವಸ್ತಿಯನ್ನು ಯಾರೂ ಸುಮ್ಮನೆ ಮಾಡುವುದಿಲ್ಲ. ಕುರುಬರು ಕುರಿ ನಿಲ್ಲಿಸಿದರೆ ಹೊಲಕ್ಕೆ ಗೊಬ್ಬರ, ಅವರಿಗೆ ಕಾಳು. ಪಂಪ್‌ಸೆಟ್ಟಿನವರು ಹೊಲದಲ್ಲಿ ಮಲಗಿದರೆ ಅದು ನಡುರಾತ್ರಿ ಬರುವ ತ್ರೀ ಫೇಸ್ ಕರೆಂಟಿಗಾಗಿ. ಕಣದಲ್ಲಿ ಮಲಗಿದರೆ ರಾಶಿ ಕಾಯಲು. ಒಂದು ಕೆಲಸ, ಒಂದು ಲೆಕ್ಕ ಇರಲೇಬೇಕು.

ಕಾಕಾ ನಮಗೂ ಒಂದು ಲೆಕ್ಕ ಹಚ್ಚಿಕೊಟ್ಟರು. ಗುಡಿಸಲಿನಿಂದ ಹಳೆಯ ಎಣ್ಣೆ ಡಬ್ಬಿಯನ್ನೂ ಒಂದು ಕೋಲನ್ನೂ ತಂದು ಮುಂದಿಟ್ಟು, ‘ಹೆಂಗೂ ಎಚ್ಚರ ಇರತೀರಿ. ರಾತ್ರಿ ಪರದೇಶಿ ಹಕ್ಕಿ ಕಡ್ಲಿಗೆ ಇಳೀತಾವ. ಇಳದ್ವು ಅಂದ್ರ ಬಾರಸ್ರಿ’ ಎಂದು ಹೇಳಿ ಹೊರಟೇಹೋದರು.

ಹಕ್ಕಿ ನೋಡಲು ಬೆಂಗಳೂರಿನಿಂದ ದುರ್ಬೀನು ತಂದವನ ಕೈಗೆ ಹಕ್ಕಿ ಓಡಿಸುವ ಡಬ್ಬಿ ಬಂದಿತ್ತು.

* * *

ಪರದೇಶಿ ಹಕ್ಕಿ ಎಂದರೆ ಪಟ್ಟೆತಲೆ ಹೆಬ್ಬಾತು. ಬಿಳಿ ತಲೆ, ಅದರ ಹಿಂದೆ ಕಾಡಿಗೆಯಲ್ಲಿ ಎಳೆದಂತೆ ಎರಡು ಅಡ್ಡ ಗೀರು. ಬೂದು ಮೈ, ಹಳದಿ ಕಾಲು. ಎರಡು ಮೂರು ಕಿಲೋ ತೂಗುತ್ತದೆ. ಚಳಿಗಾಲ ಶುರುವಾದೊಡನೆ ಬಂದು ಫೆಬ್ರವರಿ, ಮಾರ್ಚಿನ ಹೊತ್ತಿಗೆ ಮರಳುತ್ತವೆ. ದಕ್ಷಿಣ ಭಾರತದಲ್ಲಿ ಇವು ಅತಿ ಹೆಚ್ಚು ಸಂಖ್ಯೆಯಲ್ಲಿ ಚಳಿಗಾಲ ಕಳೆಯುವ ತಾಣಗಳಲ್ಲಿ ಮಾಗಡಿ ಒಂದು. ಸುಮಾರು 8,000 ಬರುತ್ತವೆ. ಕೆರೆಯ ವಿಸ್ತಾರ ನೋಡಿದರೆ ಬರೀ 50 ಹೆಕ್ಟೇರು. ಹೊಲಕ್ಕೆ ನೀರು ಹಾಯಿಸಲು ಮಳೆನೀರು ಹಿಡಿದಿಟ್ಟುಕೊಳ್ಳಲಿ ಎಂದು ಮನುಷ್ಯರು ಕಟ್ಟಿದ ಕೆರೆ ಇದು. ಹಕ್ಕಿಗಳಿಗೆಂದು ಕಟ್ಟಿದ್ದಲ್ಲ.

ಅವು ಬರುವುದಾದರೂ ಎಲ್ಲಿಂದ? ಲಡಾಖ್, ಟಿಬೆಟ್, ಮಂಗೋಲಿಯಾ. ಲಡಾಖಿನ ತ್ಸೋ ಕಾರ್, ತ್ಸೋ ಮೊರಿರಿಯಂಥ ಸರೋವರಗಳ ದಂಡೆಯಲ್ಲಿ ಮೊಟ್ಟೆಯಿಟ್ಟು ಮರಿ ಮಾಡುತ್ತವೆ. ಸುತ್ತ ಶೀತಲ ಮರುಭೂಮಿ. ಹುಲ್ಲು ಕೂಡ ನೀರಿನ ಅಂಚಿನಲ್ಲಿ ಮಾತ್ರ. ಚೀನಾದ ಚಿಂಗ್‌ಹೈ ಎಂಬ ಉಪ್ಪುನೀರಿನ ದೊಡ್ಡ ಸರೋವರದ ಹೆಸರಿನ ಅರ್ಥವೇ ನೀಲಿ ಸಮುದ್ರ. ಅದೂ ಇವುಗಳ ತವರು. ಅಂದರೆ ಮರುಭೂಮಿಯ ಸಮುದ್ರದ ದಂಡೆಯಲ್ಲಿ ಗೆಳೆಯರ ಗುಂಪು ಕಟ್ಟಿಕೊಂಡು ಬೀಡುಬಿಡುವುದು ನಮ್ಮ ಬೆಂಗಳೂರಿನವನ ಹೊಸ ವಿಚಾರವೇನಲ್ಲ. ಹೆಬ್ಬಾತುಗಳಿಗೆ ಅದು ವಂಶಪಾರಂಪರ್ಯದ ಕಸುಬು.

ನಡುವೆ ಹಿಮಾಲಯ. ಹಕ್ಕಿಗಳ ಮೈಗೆ ಉಪಗ್ರಹ ಸಂಪರ್ಕದ ಯಂತ್ರ ಕಟ್ಟಿ ಲೆಕ್ಕ ಹಿಡಿದವರಿಗೆ 7,290 ಮೀಟರ್ ಎತ್ತರದಲ್ಲಿ ಹಾರಿದ ಒಂದು ಹೆಬ್ಬಾತು ಸಿಕ್ಕಿದೆ. ಆ ಎತ್ತರದಲ್ಲಿ ಗಾಳಿ ತೀರ ತೆಳು, ರೆಕ್ಕೆಗೂ ಆಸರೆ ಸಾಲದು, ಉಸಿರಿಗೂ ಸಾಲದು. ಇವುಗಳ ರಕ್ತದ ಹಿಮೊಗ್ಲೋಬಿನ್ ಬೇರೆ ಬಾತುಗಳದಕ್ಕಿಂತ ಬಿಗಿಯಾಗಿ ಆಮ್ಲಜನಕವನ್ನು ಹಿಡಿದುಕೊಳ್ಳುತ್ತದೆ. ರೆಕ್ಕೆಯ ಸ್ನಾಯುವಿಗೆ ರಕ್ತನಾಳಗಳೂ ದಟ್ಟ. ಆದರೂ ಸುಮ್ಮನೆ ಪೌರುಷ ತೋರಿಸುವ ಜಾತಿಯಲ್ಲ: ಬೆಟ್ಟ ಏರಿದಲ್ಲಿ ತಾವೂ ಏರಿ, ಕಣಿವೆ ಇಳಿದಲ್ಲಿ ತಾವೂ ಇಳಿದು, ನೆಲದ ಮೈಗೆ ಅಂಟಿಕೊಂಡೇ ಹಾರುತ್ತವೆ ಎಂದು ಹಿಂಬಾಲಿಸಿ ನೋಡಿದವರು ತಿಳಿಸಿದ್ದಾರೆ. ಇಳಿದು ಮತ್ತೆ ಏರುವ ಶ್ರಮಕ್ಕಿಂತ ಮೇಲೆಯೇ ಉಳಿಯುವ ಶ್ರಮ ದೊಡ್ಡದಂತೆ. ಮಂಗೋಲಿಯಾದಲ್ಲಿ ಕೊರಳಿಗೆ ಪಟ್ಟಿ ತೊಡಿಸಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡದ್ದೂ ಉಂಟು.

ಇದನ್ನೆಲ್ಲ ಬೆಂಗಳೂರಿನವ ಮಧ್ಯಾಹ್ನವೇ ಕಾಕಾಗೆ ಹೇಳಿದ್ದ. ಪೂರ್ತಿ ಕೇಳಿದ ಕಾಕಾ ಕೇಳಿದ್ದು ಒಂದೇ ಪ್ರಶ್ನೆ: ‘ಅಷ್ಟ ದೂರದಿಂದ ಬಂದು ನನ್ನ ಕಡ್ಲಿನ ಆಗಬೇಕೇನ ಅವಕ್ಕ?’

* * *

ಎರೆಭೂಮಿಯಲ್ಲಿ ಟೆಂಟಿನ ಗೂಟ ನಿಲ್ಲುವುದಿಲ್ಲ. ಹಿಂಗಾರಿನ ಹೊತ್ತಿಗೆ ನೆಲ ಬಿರಿದಿರುತ್ತದೆ. ಗೂಟ ಒಂದೋ ಬಿರುಕಿನಲ್ಲಿ ಇಳಿದು ಕಾಣೆಯಾಗುತ್ತದೆ, ಇಲ್ಲವೇ ಹೆಂಟೆಯ ಸಮೇತ ಮೇಲೆದ್ದು ಬರುತ್ತದೆ. ಮೂರು ಸಲ ಕಟ್ಟಿದೆವು. ಮೂರನೆಯ ಸಲ ಗಾಳಿ ಒಳಹೊಕ್ಕು ಟೆಂಟು ಗಾಳಿಪಟದ ಹಾಗೆ ಎದ್ದು ಪಕ್ಕದ ಕುಸುಬೆ ಹೊಲಕ್ಕೆ ಬಿತ್ತು. ಕುಸುಬೆ ಮುಳ್ಳಿನಿಂದ ಅದನ್ನು ಬಿಡಿಸಿ ತರುವಷ್ಟರಲ್ಲಿ ಎರಡು ಕಡೆ ಹರಿದಿತ್ತು. ಮಗ್ಗದವ ಬಟ್ಟೆಯನ್ನು ಬೆರಳಿನಲ್ಲಿ ತಿಕ್ಕಿ ನೋಡಿ, ‘ನೂಲಿನ ಎಣಿಕಿ ಭಾಳ ಕಮ್ಮಿ ಐತಲೇ, ಸೋಸಾಕ ಅಡ್ಡಿಯಿಲ್ಲ’ ಎಂದು ತೀರ್ಪು ಕೊಟ್ಟ. ಕೊನೆಗೆ ಟೆಂಟು ಹಾಸಿಗೆಯಾಯಿತು. ಹೊದೆಯಲು ಕಾಕಿ ಬಿಟ್ಟುಹೋದ ಕಂಬಳಿ, ಕೌದಿ.

ಸೂರ್ಯ ಮುಳುಗುವ ಹೊತ್ತಿಗೆ ಕೆರೆಯ ಕಡೆ ನಡೆದೆವು. ಹಗಲೆಲ್ಲ ನೀರಿನ ಮೇಲೆ ನಿದ್ದೆ ಹೊಡೆಯುತ್ತಿದ್ದ ಹೆಬ್ಬಾತುಗಳ ನಡುವೆ ಗುಸುಗುಸು ಶುರುವಾಗಿತ್ತು. ದಂಡೆಗೆ ಸಮೀಪ ನಾಮಗೋಳಿಗಳು, ಬಣ್ಣದ ಕೊಕ್ಕರೆಗಳು, ಕತ್ತು ಮಾತ್ರ ಮೇಲಿಟ್ಟು ಈಜುವ ಹಾವಕ್ಕಿ. ಒಂದು ಕಡೆ ಜೋಡಿ ಜೋಡಿಯಾಗಿ ಕಿತ್ತಳೆ ಬಣ್ಣದ ಬಾತುಗಳು. ಅವನ್ನು ನೋಡಿದ್ದೇ ಮಾಸ್ತರ ಗದ್ಗದನಾದ. ‘ಜಕ್ಕವಕ್ಕಿ! ಇಪ್ಪತ್ತ ವರ್ಷದಿಂದ ಹುಡುಗರಿಗೆ ಕಲಿಸೀನಿ, ಇವತ್ತ ಕಂಡೆ.’ ಹಗಲು ಜೊತೆಗಿದ್ದು ರಾತ್ರಿ ಅಗಲಬೇಕೆಂಬ ಶಾಪ ಹೊತ್ತ ಚಕ್ರವಾಕ ಇದೇ. ನಮ್ಮ ಹಳೆಯ ಕವಿಗಳು ವಿರಹಕ್ಕೆ ಹೋಲಿಕೆ ಬೇಕಾದಾಗೆಲ್ಲ ಇದನ್ನೇ ಕರೆಯುತ್ತಾರೆ. ಆ ಕವಿಗಳಿಗೆ ಈ ಹಕ್ಕಿ ಪುಸ್ತಕದಿಂದ ಬಂದದ್ದೇ ಇರಬೇಕೆಂದು ನಾನು ಇಷ್ಟು ದಿನ ತಿಳಿದಿದ್ದೆ. ಇಲ್ಲಿಂದ 11 ಕಿ.ಮೀ. ದೂರದ ಲಕ್ಷ್ಮೇಶ್ವರವೇ ಹಳೆಯ ಪುಲಿಗೆರೆ. ಕವಿರಾಜಮಾರ್ಗ ತಿರುಳ್ಗನ್ನಡದ ನಾಡೆಂದು ಗುರುತಿಸಿದ ನಾಲ್ಕು ಊರುಗಳಲ್ಲಿ ಒಂದು. ಪಂಪ ತನ್ನ ಕಾವ್ಯದ ಕನ್ನಡ ಇಲ್ಲಿಯದೆಂದು ಹೆಮ್ಮೆಪಟ್ಟ. ಆ ಊರಿನ ಹೆಸರಿನೊಳಗೇ ಒಂದು ಕೆರೆ ಇದೆ. ಚಳಿಗಾಲದ ಸಂಜೆ ಆ ಕೆರೆಯ ದಂಡೆಯಲ್ಲಿ ನಿಂತವರಿಗೆ ಜಕ್ಕವಕ್ಕಿ ಕಂಡಿರಲಾರದೆ?

ಕೆರೆಗೂ ಸಮುದ್ರಕ್ಕೂ ನಮ್ಮ ಸೀಮೆಯಲ್ಲಿ ದೊಡ್ಡ ಅಂತರವಿಲ್ಲ. ಸಮುದ್ರ ಕಾಣದ ಊರಿನವರು ದೊಡ್ಡ ಕೆರೆ ಕಟ್ಟಿದಾಗೆಲ್ಲ ಅದನ್ನು ಸಮುದ್ರವೆಂದೋ ಸಾಗರವೆಂದೋ ಕರೆದರು: ವ್ಯಾಸಸಮುದ್ರ, ಶಾಂತಿಸಾಗರ. 2024ರ ಜನವರಿ ಕೊನೆಯಲ್ಲಿ ಕರ್ನಾಟಕದ ಮೂರು ಜಲತಾಣಗಳು ಒಂದೇ ದಿನ ಅಂತಾರಾಷ್ಟ್ರೀಯ ಮಹತ್ವದ ತಾಣಗಳ ರಾಮ್ಸರ್ ಪಟ್ಟಿಗೆ ಸೇರಿದ ಸುದ್ದಿ ಬಂತು. ಒಂದು ಅಘನಾಶಿನಿ ಅಳಿವೆ, ಗೋಕರ್ಣದ ಮಗ್ಗುಲಲ್ಲೇ ನದಿ ಸಮುದ್ರ ಸೇರುವ ಜಾಗ, 4,801 ಹೆಕ್ಟೇರು. ಇನ್ನೊಂದು ಹಗರಿಬೊಮ್ಮನಹಳ್ಳಿ ಕಡೆಯ ಅಂಕಸಮುದ್ರ. ಹೆಸರಲ್ಲಿ ಮಾತ್ರ ಸಮುದ್ರ. ಮೂರನೆಯದು ನಮ್ಮ ಮಾಗಡಿ ಕೆರೆ. ‘ನೋಡ್ರಲೇ, ಗೋಕರ್ಣದ ಸಮುದ್ರಕ್ಕ ಕೊಟ್ಟ ಸರ್ಟಿಫಿಕೇಟ ಇದಕ್ಕೂ ಕೊಟ್ಟಾರ’ ಎಂದು ಪ್ರೆಸ್ಸಿನವ ನಮ್ಮ ಬಡ ಪ್ರವಾಸಕ್ಕೆ ಒಂದು ಠಸ್ಸೆ ಒತ್ತಿದ.

ಕತ್ತಲು ಇಳಿಯಿತು. ಮೊದಲು ಒಂದು ಗುಂಪು ಎದ್ದಿತು. ನೀರಿಗೆ ರೆಕ್ಕೆ ಬಡಿದ ಸಪ್ಪಳ, ಆಮೇಲೆ ಮೂಗಿನಿಂದ ಕರೆದಂಥ ಕೂಗು, ಅದಕ್ಕೆ ಇನ್ನೊಂದು ಉತ್ತರ. ಹಿಂದೆಯೇ ಮತ್ತೊಂದು ಗುಂಪು. ಸಾಲು ಕಟ್ಟಿ ನಮ್ಮ ತಲೆಯ ಮೇಲೆಯೇ ಹಾದವು. ಕಾಣುವುದು ನಿಂತ ಮೇಲೂ ಬಹಳ ಹೊತ್ತು ಕೇಳುತ್ತಲೇ ಇತ್ತು. ಮೋಡ ಗುಡುಗದ ಡಿಸೆಂಬರಿನಲ್ಲಿ ಆಕಾಶದಿಂದ ಇಷ್ಟೊಂದು ಸದ್ದು ಬರುವುದೆಂದು ಗದಗಿನಲ್ಲೇ ಹುಟ್ಟಿದ ನನಗೆ ಗೊತ್ತಿರಲಿಲ್ಲ. ಒಬ್ಬನೂ ಫೋನು ತೆಗೆಯಲಿಲ್ಲ. ತೆಗೆದಿದ್ದರೂ ಏನೂ ಬರುತ್ತಿರಲಿಲ್ಲ ಅನ್ನಿ, ಅಷ್ಟು ಕತ್ತಲು.

* * *

ಹೊಲಕ್ಕೆ ಮರಳಿ ಸಣ್ಣಗೆ ಬೆಂಕಿ ಮಾಡಿ ಸುಲಗಾಯಿ ಸುಟ್ಟೆವು. ಹಸಿಕಡಲೆಯನ್ನು ಗಿಡದ ಸಮೇತ ಸುಟ್ಟು, ಕರಿ ಉದುರಿಸಿ, ಬಿಸಿಬಿಸಿ ಕಾಳು ಬಾಯಿಗೆ ಹಾಕಿಕೊಂಡರೆ ಅದರ ಎಲೆಯ ಹುಳಿಯೂ ನಾಲಿಗೆಗೆ ತಾಗುತ್ತದೆ. ಸೀತನಿ ತಿನ್ನುವ ಆಸೆಯಿತ್ತು, ಜೋಳದ ತೆನೆ ಇನ್ನೂ ಹಾಲುಗಾಳಿಗೆ ಬಂದಿರಲಿಲ್ಲ. ಜೊತೆಗೆ ಬೆಟಗೇರಿಯಿಂದ ಕಟ್ಟಿಸಿಕೊಂಡು ಬಂದ ಮಿರ್ಚಿ, ಗಿರ್ಮಿಟ್ಟಿಗೆಂದು ಚುರುಮುರಿ. ಮಿರ್ಚಿ ಆರಿ ಚರ್ಮದ ಹಾಗಾಗಿತ್ತು. ಅದನ್ನೂ ಬಿಡಲಿಲ್ಲ.

ಅಮಾವಾಸ್ಯೆಯ ರಾತ್ರಿ. ಪೂರ್ವಕ್ಕೆ ಕಪ್ಪತಗುಡ್ಡದ ಕಡೆ ಗಾಳಿಯಂತ್ರಗಳ ಕೆಂಪು ದೀಪ ಮಿಣುಕುತ್ತಿತ್ತು. ಅದರ ಮೇಲೆ ಮೃಗಶಿರ ಎದ್ದು ಬಂತು. ಮಾಸ್ತರ ಕುಮಾರವ್ಯಾಸನ ಸುದ್ದಿ ತೆಗೆದ. ಗದಗಿನ ವೀರನಾರಾಯಣ ಗುಡಿಯ ಕೋನೇರಿಯಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲೇ ಕಂಬಕ್ಕೆ ಒರಗಿ, ಬಟ್ಟೆ ಆರುವತನಕ ಮಾತ್ರ ಬರೆಯುತ್ತಿದ್ದನೆಂದು ನಮ್ಮ ಕಡೆ ಪ್ರತೀತಿ. ‘ಗದಗಿನ ಗಾಳಿಗೆ ಬಟ್ಟಿ ಆರಾಕ ಹತ್ತ ನಿಮಿಷ ಸಾಕು, ಅಷ್ಟರಾಗ ಭಾರತಾ ಹೆಂಗ ಮುಗಿಸಿದ?’ ಎಂದು ಮಗ್ಗದವ ಕೇಳಿದ. ಅದಕ್ಕೆ ವಿಮರ್ಶಕರಲ್ಲೂ ಉತ್ತರವಿರಲಿಕ್ಕಿಲ್ಲ.

ಆ ಮಗ್ಗದವನಿಗೆ ನಿದ್ದೆಯೇ ಬರಲಿಲ್ಲ. ಹುಟ್ಟಿದಾಗಿನಿಂದ ಓಣಿಯ ತುಂಬ ಮಗ್ಗದ ಸದ್ದು ಕೇಳಿ ಬೆಳೆದವನು. ‘ಸಪ್ಪಳಿಲ್ಲಂದ್ರ ಎದಿ ಹೊಡಕೋತೈತಿ, ಕರೆಂಟ ಹೋಗೇತೇನೋ ಅನಸ್ತೈತಿ’ ಎನ್ನುತ್ತಿದ್ದ. ಸರಿರಾತ್ರಿಯಲ್ಲಿ ನನ್ನನ್ನು ಅಲುಗಿಸಿ ಎಬ್ಬಿಸಿದವನೂ ಅವನೇ.

‘ಬಂದಾವ.’

ಎದ್ದು ಕೂತೆ. ಹೊಲದ ಆಚೆ ಬದುವಿನ ಕಡೆ ಏನೋ ಹರಿದಾಡುತ್ತಿತ್ತು. ಕಣ್ಣು ಕತ್ತಲಿಗೆ ಹೊಂದಿದ ಮೇಲೆ ಕಂಡದ್ದು ಬಿಳಿಯ ತಲೆಗಳು ಮಾತ್ರ. ಮೈ ಎಲ್ಲ ಎರೆಮಣ್ಣಿನಲ್ಲಿ ಕರಗಿತ್ತು. ನೂರೋ ಇನ್ನೂರೋ. ಕಡಲೆ ಗಿಡ ಚಿವುಟುವ ಸದ್ದು, ದನ ಮೇಯುವಾಗ ಬರುವಂಥದ್ದೇ, ಆದರೆ ಚಿಕ್ಕದು, ಚುರುಕು. ನಡುನಡುವೆ ಒಂದು ತಲೆ ಎತ್ತಿ ಸುತ್ತ ನೋಡುತ್ತಿತ್ತು. ಕಾವಲಿನದಿರಬೇಕು.

ಐವರೂ ಎದ್ದೆವು. ಡಬ್ಬಿ ಬೆಂಗಳೂರಿನವನ ಬಳಿ ಇತ್ತು. ಅವನು ಪ್ರೆಸ್ಸಿನವನಿಗೆ ಕೊಟ್ಟ: ‘ನಿಮ್ಮ ಕಾಕಾನ ಹೊಲ.’ ಪ್ರೆಸ್ಸಿನವ ಮಾಸ್ತರನಿಗೆ ದಾಟಿಸಿದ. ಮಾಸ್ತರ ನನ್ನ ಕಡೆ ನೂಕಿದ. ಹಿಮಾಲಯ ದಾಟಿ ಬಂದದ್ದು ಒಂದು ಕಡೆ, ಆರು ಎಕರೆಯ ಬೀಜ ಗೊಬ್ಬರದ ಸಾಲ ಇನ್ನೊಂದು ಕಡೆ. ಪೇಟೆಯಲ್ಲಿ ಕೂತು ಪಕ್ಷಿಸಂರಕ್ಷಣೆಯ ಬಗ್ಗೆ ಬರೆಯುವಾಗ ಈ ಎರಡನೆಯ ಕಡೆ ನನಗೆ ಇಷ್ಟು ಹತ್ತಿರದಿಂದ ಕೇಳಿಸಿರಲಿಲ್ಲ, ಚಿವುಟುವ ಸದ್ದಿನ ಸಮೇತ. ಡಬ್ಬಿ ನನ್ನ ತೊಡೆಯ ಮೇಲಿತ್ತು. ಕೋಲು ಎಲ್ಲಿ ಎಂದು ಹುಡುಕುವ ನೆಪದಲ್ಲಿ ಸ್ವಲ್ಪ ಹೊತ್ತು ಕಳೆದೆ. ಆಮೇಲೆ ನೆಪವೂ ಬೇಕಾಗಲಿಲ್ಲ. ಕೂತೇ ಇದ್ದೆವು. ಚಳಿ ಎಷ್ಟಿತ್ತೆಂದರೆ ಮಾತಾಡಿದರೆ ಬಾಯಿಂದ ಹೊಗೆ ಬರುತ್ತಿತ್ತು, ಮಾತಾಡಲಿಲ್ಲ. ಒಂದು ತಾಸಿನ ನಂತರ ಅವು ತಾವಾಗಿಯೇ ಎದ್ದು ಹೋದವು.

ಮಬ್ಬುಗತ್ತಲಿನಲ್ಲೇ ಕಾಕಾ ಚಹಾದ ಥರ್ಮಾಸು ಹಿಡಿದು ಬಂದರು. ಹೊಲದ ಅಂಚಿಗೆ ಹೋಗಿ ಬಗ್ಗಿ ನೋಡಿ, ಹೆಜ್ಜೆ ಹಾಕಿ ಅಳೆದು, ವಾಪಸು ಬಂದು ಕೂತರು.

‘ನಾಕ ಸಾಲ ಹೋಗ್ಯಾವ. ಡಬ್ಬಿಗೇನ ಬಾಯಿ ಹೋಗಿತ್ತೇನ?’

ಯಾರೂ ಉತ್ತರಿಸಲಿಲ್ಲ. ಕಾಕಾ ಬೈಯಲೂ ಇಲ್ಲ, ನಕ್ಕು ಸಮಾಧಾನವನ್ನೂ ಹೇಳಲಿಲ್ಲ. ಮುಖ ಗಂಟಾಗಿಯೇ ಇತ್ತು. ಚಹಾ ಬಗ್ಗಿಸಿ ಕೊಡುತ್ತ ಹೇಳಿದರು: ‘ನಾ ಆಗಿದ್ರ ಬಾರಸ್ತಿದ್ದೆ. ಆದ್ರ ಇಲ್ಲಿಂದ ಎಬ್ಬಿಸಿದ್ರ ಆ ಕಡೆ ತಮ್ಮನ ಹೊಲಕ್ಕ ಕೂಡ್ರತಾವ. ಅವಂದೂ ನಂದೂ ಮೊದಲ ಕೋರ್ಟಿನ್ಯಾಗ ಐತಿ. ಹಕ್ಕೀನೂ ನಾನ ಕಳಿಸೇನಂತ ಅದನ್ನೂ ಬರಸ್ತಾನ.’

ಆಗ ಕೆರೆಗೆ ಮರಳುವ ಸಾಲುಗಳು ಶುರುವಾದವು. ಗದಗಿನ ಕಡೆಯಿಂದ ಒಂದು, ಶಿರಹಟ್ಟಿ ಕಡೆಯಿಂದ ಒಂದು, ಯಾರ್‍ಯಾರದೋ ಹೊಲಗಳಿಂದ ಹೊಟ್ಟೆ ತುಂಬಿಸಿಕೊಂಡು ಬರುವ ಸಾಲುಗಳು. ಬಿಸಿಲು ಅವುಗಳ ಹೊಟ್ಟೆಯ ಮೇಲೆ ಬಿದ್ದು ಬೂದು ಬಣ್ಣ ಬೆಳ್ಳಗಾಗಿತ್ತು. ಕೆರೆಯ ಮೇಲೆ ಬಂದೊಡನೆ ರೆಕ್ಕೆ ಮಡಚಿ, ಮೈ ಆಚೆ ಈಚೆ ವಾಲಿಸುತ್ತ, ಎಲೆ ಉದುರಿದ ಹಾಗೆ ಬೀಳುತ್ತಿದ್ದವು. ಕಾಕಾ ಚಹಾದ ಕಪ್ಪು ಹಿಡಿದು ನೋಡುತ್ತಲೇ ಇದ್ದರು. ‘ಹೋದ ವರ್ಷಕ್ಕಿಂತ ಹೆಚ್ಚ ಬಂದಾವ’ ಎಂದರು. ಅದು ದೂರೋ ಲೆಕ್ಕವೋ ತಿಳಿಯಲಿಲ್ಲ.

ಪಕ್ಕದ ಹಳ್ಳಿಯಿಂದ ಬೆಳಿಗ್ಗೆ ಹೊರಡುವ ವಸ್ತಿ ಬಸ್ಸಿಗೆ ಕೈ ಮಾಡಿದೆವು. ಟೆಂಟು ತನ್ನ ಚೀಲದೊಳಗೆ ಮತ್ತೆ ಹೋಗಿರಲಿಲ್ಲ. ಉರುಳಿ ಸುತ್ತಿ ಹಗ್ಗ ಕಟ್ಟಿ ಹೆಗಲ ಮೇಲೆ ಹೊತ್ತಿದ್ದೆವು. ಕಂಡಕ್ಟರ್ ಅದನ್ನೂ, ನಮ್ಮ ತಲೆಗೆ ಹತ್ತಿದ ಹೊಟ್ಟನ್ನೂ ನೋಡಿ, ‘ಎಲ್ಲಿ ವಸ್ತಿ ಇದ್ರ್ಯಪಾ?’ ಎಂದ.

‘ಕೆರಿ ದಂಡಿಗೆ.’

‘ನಾವು ಇದ ಬಸ್ಸಿನ್ಯಾಗ. ಡ್ರೈವರ್ ಸಾಹೇಬ್ರ ಗೊರಕಿ, ಹೊರಗ ನೋಡಿದ್ರ ಆ ಹಕ್ಕಿ ಗದ್ದಲ. ಹನ್ನೆರಡ ಗಂಟಿಮಟಾ ಕಣ್ಣ ಹತ್ತಲಿಲ್ಲ.’ ಆಮೇಲೆ ಟೆಂಟಿನ ಸುರುಳಿಯನ್ನು ಕಾಲಿನಿಂದ ಮೆಲ್ಲಗೆ ಒಳಗೆ ಸರಿಸಿ, ಮಿಷಿನ್ನು ಒತ್ತಿ, ಲಗೇಜಿನ ಟಿಕೆಟು ಹರಿದು ಕೊಟ್ಟ.